ಏಳನೆಯ ಡಬ್ಬಿ

“ನಿಲ್ಲು. ಕಾಲು ಮುಂದ ಇಡಬ್ಯಾಡ.”

ನೀಲಗಂಗಮ್ಮ ನಿಂತಲ್ಲೇ ಕಲ್ಲಾದಳು. ಮೂರು ತಿಂಗಳ ಮೇಲೆ ನಿನ್ನೆ ತಾನೇ ಪಲ್ಟನ್ನಿನಿಂದ ರಜೆಗೆ ಬಂದ ಗಂಡ ಜಡೆಪ್ಪ, ಕಮಲಾಪುರದ ಹೊರಗಿನ ಹಾಳು ಮಂಟಪದ ಮುಂದೆ ಬೆಳಬೆಳಿಗ್ಗೆ ಬೋರಲು ಮಲಗಿದ್ದ. ಕೈಯಲ್ಲಿ ಕಬ್ಬಿಣದ ಸಲಾಕೆ. ಗೇಣಿಗೊಮ್ಮೆ ನೆಲಕ್ಕೆ ಚುಚ್ಚಿ, ಬೆರಳಿನಿಂದ ಮೆಲ್ಲಗೆ ಮಣ್ಣು ಸರಿಸುತ್ತಿದ್ದ.

ಹಾಳು ಮಂಟಪ, ಸಲಾಕೆ, ಹೆಂಡತಿಗೂ ಹೇಳದೆ ಎದ್ದು ಬಂದದ್ದು... ಹಂಪಿಯ ಸೀಮೆಯಲ್ಲಿ ಹುಟ್ಟಿದವಳಿಗೆ ಇನ್ನೇನು ತೋಚೀತು? ನಿಧಿ!

ನಿಧಿ ಎಂದೊಡನೆ ಪಕ್ಕದ ಮನೆಯ ತಾಯಕ್ಕನ ಮಾತು ನೆನಪಾಯಿತು. “ನಿಧಿ ಸುಮ್ನ ಸಿಗಂಗಿಲ್ಲವ್ವ. ಚೊಚ್ಚಲ ಬಸುರಿನ್ನ ಬಲಿ ಕೇಳ್ತೈತಿ.”

ಅವಳ ಕೈ ತಾನಾಗಿಯೇ ಹೊಟ್ಟೆಗೆ ಹೋಯಿತು. ದೀಪಾವಳಿಯ ರಜೆಯಲ್ಲಿ ನಿಂತ ಬಸಿರು. ಮೇಷ್ಟ್ರ ಕೈಲಿ ಕಾಗದ ಬರೆಸಲು ನಾಚಿ, ಬಾಯಾರೆ ಹೇಳಬೇಕೆಂದು ಕಾದಿದ್ದಳು. ನಿನ್ನೆ ಅವನು ಉಂಡವನೇ ನಿದ್ದೆ ಹೋಗಿದ್ದ.

ಇವರಿಗೆ ಗೊತ್ತಾಗಿಬಿಟ್ಟಿದೆಯೇ? ಅದಕ್ಕೇ ಇಲ್ಲಿ...

ಪಾಪ, ಹೆದರಿದ ಮನಸ್ಸು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ!

“ನಿಧಿ ಹುಡುಕಾಕ ಹತ್ತೀರೇನ್ರಿ?” ಎಂದು ಕೇಳಿದಳು.

ಜಡೆಪ್ಪ ಎದ್ದು ಕುಳಿತ. ತುಕ್ಕು ಹಿಡಿದ ನಶ್ಯದ ಡಬ್ಬಿಯೊಂದನ್ನು ಮಣ್ಣಿನಿಂದ ತೆಗೆದು ತೋರಿಸಿದ.

“ಇದನ್ನ ನಿನ್ನೆ ಸಂಜೀಕ ಊರಿಗೆ ಬರೂವಾಗ ನಾನೇ ಹೂತಿದ್ದೆ ನೀಲಾ.”

“ತಲಿ ಕೆಟ್ಟೈತೇನು ನಿಮಗ? ನೀವ ಹೂಳೋದು, ನೀವ ತೆಗಿಯೋದು?”

“ಪಲ್ಟನ್ನಾಗ ಇದನ್ನ ಕಲಿಸಿ ಪರೀಕ್ಷಾನೂ ಮಾಡ್ಯಾರ. ಯುದ್ಧದಾಗ ವೈರಿ ನೆಲದಾಗ ಬಾಂಬು ಹೂತಿರ್ತಾನ. ದಂಡು ದಾಟೂಕಿಂತ ಮೊದಲ ನಾವು ಹುಡುಕಿ ತೆಗೀಬೇಕು. ಸಲಾಕಿ ಹಿಂಗ ಓರೆಯಾಗಿ ಚುಚ್ಚಬೇಕು. ನೆಟ್ಟಗ ಚುಚ್ಚಿದ್ರ...” ಸಲಾಕೆಯನ್ನು ನೆಲಕ್ಕಿಟ್ಟ.

ನೀಲಗಂಗಮ್ಮ ಆ ಸಲಾಕೆಯನ್ನು ದಿಟ್ಟಿಸಿದಳು.

“ರಸ್ತಾ ಹಾಕೋ ಕೆಲಸ ಅಂದಿದ್ರಿ...”

“ಖರೇ ಹೇಳಿದ್ರ ನೀ ಉಣ್ತಿದ್ದೇನು?”

ನನ್ನ ಗಂಡ ಬಂದೂಕು ಹಿಡಿಯುವುದಿಲ್ಲ, ರಸ್ತೆ ಹಾಕುತ್ತಾನೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳಲ್ಲ! ಅವಳು ಮಂಟಪದ ಮೆಟ್ಟಿಲ ಮೇಲೆ ಕುಳಿತಳು. ನಿಧಿಯೇ ಆಗಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು. ಆಮೇಲೆ ಅವನ ಕೈಯ ಡಬ್ಬಿಯನ್ನು ತೋರಿಸಿ ಕೇಳಿದಳು.

“ಪರೀಕ್ಷಾದಾಗ ಎಷ್ಟು ಬಿಟ್ರಿ?”

“ಹತ್ತರಾಗ ಒಂದು.” ಅವನು ತಲೆ ಎತ್ತಲಿಲ್ಲ. “ರಜಾ ಮುಗಿದ ಮ್ಯಾಲ ಯುದ್ಧಕ್ಕ ಹಡಗು ಹತ್ತಬೇಕು.”

ಒಂದು... ಆ ಒಂದೇ ಸಾಕಲ್ಲ!

ಅವಳು ಎದ್ದು ಮನೆಗೆ ಹೋದಳು. ಅಳಲು ಹೋದಳೆಂದುಕೊಂಡ ಜಡೆಪ್ಪ. ಆದರೆ ಅರಿಶಿಣದ ಡಬ್ಬಿ, ಮೆಂತ್ಯದ ಡಬ್ಬಿ, ಸುಣ್ಣದ ಡಬ್ಬಿ ಎಲ್ಲವನ್ನೂ ಬರಿದು ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

“ಆ ಕಡಿ ಮುಖ ಮಾಡಿ ಕುಂದರ್ರಿ. ನಾ ಹೂಳ್ತೀನಿ.”

ಅಂದಿನಿಂದ ದಿನವೂ ಅದೇ ಕೆಲಸ. ಅವಳು ಬೇಲಿಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ, ಅವನು ಊಹಿಸದ ಕಡೆಯೆಲ್ಲ ಹೂಳಿದಳು. ಗಂಡಹೆಂಡಿರಿಬ್ಬರೂ ನಿಧಿಗೆ ಬಿದ್ದಿದ್ದಾರೆಂದು ತಾಯಕ್ಕ ಊರೆಲ್ಲ ಸಾರಿದಳು. ಸಾರಲಿ ಬಿಡು ಎಂದುಕೊಂಡಳು ನೀಲಗಂಗಮ್ಮ. ಒಂದು ಡಬ್ಬಿ ತಪ್ಪಿದರೂ ಮತ್ತೆ ಮೊದಲಿನಿಂದ ಹುಡುಕಿಸುತ್ತಿದ್ದಳು.

ಹೊರಡುವ ದಿನ ಬಂತು.

“ಇವತ್ತು ಏಳು ಅದಾವು,” ಎಂದಳು.

ಅವನು ಆರು ತೆಗೆದ. ಏಳನೆಯದಿಲ್ಲ. ಮತ್ತೊಮ್ಮೆ ಇಡೀ ನೆಲವನ್ನು ಗೇಣುಗೇಣಾಗಿ ಶೋಧಿಸಿದ. ಕೊನೆಗೆ ಸಲಾಕೆ ಕೆಳಗಿಟ್ಟ.

“ಇಲ್ಲಿ ಆರೇ ಅದಾವು ನೀಲಾ. ನನ್ನ ಕೈ ಮ್ಯಾಲ ನನಗ ನಂಬಿಕಿ ಐತಿ.”

ಅವಳಿಗೆ ಬೇಕಾಗಿದ್ದದ್ದು ಆ ಮಾತು. ಕಣ್ಣು ತುಂಬಿ ಬಂತು. ಅವನ ಮಣ್ಣಿನ ಕೈಯನ್ನೆತ್ತಿ ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು.

“ಏಳನೇದು ನೆಲದಾಗಿಲ್ಲ. ಇಲ್ಲೈತಿ.”

ಇಷ್ಟು ದಿನ ನೆಲವನ್ನೆಲ್ಲ ತಡಕಿದ ಆ ಕೈ ಅಲ್ಲೇ ಮೆಲ್ಲಗೆ ಬೆರಳು ಅಗಲಿಸಿತು.

“ಇಷ್ಟು ದಿನ ನನಗ ಹೇಳಲಿಲ್ಲಲ್ಲ...”

“ನೀವು ನಂಗ ಹೇಳಿದ್ರೇನು?”

ಜಡೆಪ್ಪ ಅವಳನ್ನು ಎದೆಗೊರಗಿಸಿಕೊಂಡ.

“ಜಲ್ದಿ ಬರ್ರಿ,” ಎಂದಳು, ಅವನ ಅಂಗಿಯಲ್ಲಿ ಮುಖ ಹುದುಗಿಸಿ.

“ಜಲ್ದಿ ಬರಂಗಿಲ್ಲ ನೀಲಾ. ಗೇಣು ಗೇಣು ನೋಡಿಕೊಂತ ಬರ್ತೀನಿ.”

“ಹಂಗ ಬರ್ರಿ,” ಎಂದಳು ಅವಳು.