ಒಂದೇ ಗಾಜು

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಕಬ್ಬಿಣದ ಗೇಟು ಮಾಡುವ ವರ್ಕ್‌ಶಾಪಿನ ಮಾಲೀಕರು ಠಾಣೆಗೆ ಬಂದರು. ಕಳುವಾಗಿದ್ದು ತಂಪು ಕನ್ನಡಕ. ಅಂತಿಂಥದ್ದಲ್ಲ, ಬಂಗಾರದ ಬಣ್ಣದ ಫ್ರೇಮಿನ ದುಬಾರಿ ಏವಿಯೇಟರ್. ಶನಿವಾರ ಮಧ್ಯಾಹ್ನ ಮೇಜಿನ ಮೇಲಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಮಾಯ. ಹತ್ತೂವರೆಗೆ ಎಫ್‌ಐಆರ್ ಆಯಿತು. ಅಬ್ಬಾ, ಹತ್ತೇ ನಿಮಿಷ! ದೊಡ್ಡವರ ದೂರೆಂದರೆ ರೈಟರ್ ಕೈಗೆ ಎಲ್ಲಿಲ್ಲದ ಚುರುಕು.

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಎಲ್ಲರ ಮೇಲೂ."

"ಗುರುತು?"

"ನನ್ನ ನಂಬರಿನ ಗಾಜು ಹಾಕಿಸಿದ್ದೆ. ಎರಡಕ್ಕೂ ಮೈನಸ್ ನಾಲ್ಕು."

ಸೋಡಾಬುಡ್ಡಿ ಕನ್ನಡಕದ ಕಾನ್‌ಸ್ಟೇಬಲ್ ಬಾಯಿ ಹಾಕಿದ. "ಬೇರೆಯವ್ನು ಹಾಕ್ಕೊಂಡ್ರೆ ತಲೆ ಗಿರ್ರನ್ನುತ್ತೆ ಸಾರ್. ಗಾಜು ಬದಲಿಸಲೇಬೇಕು."

ವರ್ಕ್‌ಶಾಪಿನಲ್ಲಿ ಸ್ಥಳ ಪಂಚನಾಮೆ ನಡೆಯಿತು. ಗೋಡೆಯ ಮೇಲೆ 'ಸುರಕ್ಷತೆ ಮೊದಲು' ಎಂಬ ಬೋರ್ಡು. ಕೆಳಗೆ ಕೆಲಸಗಾರರ ರಕ್ಷಣಾ ಕನ್ನಡಕ ನೇತುಹಾಕಲು ಹೊಡೆದ ಎಂಟು ಮೊಳೆ, ಎಂಟೂ ಖಾಲಿ. ಪಂಚನಾಮೆಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾನ್‌ಸ್ಟೇಬಲ್ ಕನ್ನಡಕದ ಅಂಗಡಿಗಳನ್ನು ಸುತ್ತಿದ. ಮೂರನೆಯ ಅಂಗಡಿಯವನು ನೆನಪಿಟ್ಟುಕೊಂಡಿದ್ದ.

"ಶನಿವಾರ ಒಬ್ಬ ಅದನ್ನ ತಂದಿದ್ದ. ಬಲಗಡೆ ಗಾಜು ಮಾತ್ರ ಬದಲಿಸಿ ಅಂದ. ಒಂದೇ ಯಾಕಪ್ಪಾ ಅಂದೆ. 'ಎಡಗಡೆ ಯಾವ ನಂಬರ್ ಇದ್ರೇನಣ್ಣ, ಕಣ್ಣೇ ಇಲ್ವಲ್ಲ' ಅಂತ ನಕ್ಕ."

ತೆಗೆದ ಗಾಜು ಡ್ರಾಯರಿನಲ್ಲೇ ಇತ್ತು. ಅಳೆದರೆ ಮೈನಸ್ ನಾಲ್ಕು.

ಇನ್‌ಸ್ಪೆಕ್ಟರ್ ಮಾಲೀಕರಿಗೆ ಫೋನ್ ಮಾಡಿದರು. "ನಿಮ್ಮಲ್ಲಿ ಕಣ್ಣು ಹೋದವರಿದ್ದಾರಾ?"

"ಒಬ್ಬ ವೆಲ್ಡರ್ ಇದ್ದ. ಗ್ರೈಂಡಿಂಗ್ ಚಕ್ರ ಸಿಡೀತು. ಶನಿವಾರ ಮತ್ತೆ ಕೆಲಸ ಕೇಳೋಕೆ ಬಂದಿದ್ದ. ಕಾಯೋಕೆ ಹೇಳಿ ಊಟಕ್ಕೆ ಹೋದೆ."

"ನಿನ್ನೆ ಹೇಳಲಿಲ್ಲ?"

"ಅವನು ನೆನಪಿಗೇ ಬರಲಿಲ್ಲ."

ರೈಟರ್ ಕೆಮ್ಮಿದ. "ಮೂರು ತಿಂಗಳ ಹಿಂದೆ ಅವನ ಹೆಂಡ್ತಿ ಅರ್ಜಿ ತಂದಿದ್ಲು ಸಾರ್, ಕಣ್ಣು ಹೋದದ್ದಕ್ಕೆ. ಅಲ್ಲೇ ಬಗೆಹರಿಸ್ಕೊಳ್ಳಿ ಅಂತ ಕಳಿಸಿದ್ವಿ."

"ಎಫ್‌ಐಆರ್?"

"ಮಾಡಿಲ್ಲ ಸಾರ್."

ಇನ್‌ಸ್ಪೆಕ್ಟರ್‌ಗೆ ನಾಚಿಕೆಯಾಯಿತು. ಆದರೂ ಜೀಪು ಹತ್ತಿದರು.

ಸಂಜೆ ನಾಲ್ಕೂ ಹತ್ತು. ಒಂದೇ ಕೋಣೆಯ ಮನೆ, ತೆರೆದ ಬಾಗಿಲು. ವೆಲ್ಡರ್ ಅದೇ ಕನ್ನಡಕ ಹಾಕಿಕೊಂಡು, ಐದು ವರ್ಷದ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದ. ಪೊಲೀಸರನ್ನು ಕಂಡು ಎದ್ದು ಬಾಗಿಲಿಗೆ ಬಂದ. ಓಡಲಿಲ್ಲ.

"ಯಾಕೆ ತಗೊಂಡೆ?"

ಅವನು ದನಿ ತಗ್ಗಿಸಿದ. "ಕಣ್ಣು ಹೋದ್ಮೇಲೆ ಇವಳು ನನ್ನ ಮುಖ ನೋಡಿದ್ರೆ ಕಿಟಾರನೆ ಕಿರುಚೋಳು ಸಾರ್. ಬೀದಿಲಿ ಸಿಗೋ ಕನ್ನಡಕ ಹಾಕಿ ನೋಡ್ದೆ, ಕೆನ್ನೆ ಗಾಯ ಕಾಣೋದು. ಇದು ಅಗಲ, ಪೂರ್ತಿ ಮುಚ್ಚುತ್ತೆ. ಮೂರು ದಿನದಿಂದ ತಾನೇ ಬಂದು ಕೂತ್ಕೊಳ್ತಿದ್ದಾಳೆ."

"ಕೆಲಸಕ್ಕೆ ಕನ್ನಡಕ ಕೇಳಿರಲಿಲ್ವಾ?"

"ಆರು ತಿಂಗಳು ಕೇಳ್ದೆ."

"ಅಪ್ಪಾ, ಇನ್ನೊಂದು ಜಡೆ," ಒಳಗಿನಿಂದ ಮಗಳು ಕೂಗಿದಳು.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡು, ಹಾಕು ಎಂದರು. ಜಡೆ ಮುಗಿಯಲು ಆರು ನಿಮಿಷ ಹಿಡಿಯಿತು. ಆಮೇಲೆ ವೆಲ್ಡರ್ ಗೋಡೆಯ ಕಡೆ ತಿರುಗಿ, ಕನ್ನಡಕ ತೆಗೆದು, ಕೈಯನ್ನು ಹಿಂದಕ್ಕೆ ಚಾಚಿ ಕೊಟ್ಟ. ಪಂಚರು ಸಹಿ ಹಾಕಿದರು, ಲಕೋಟೆಗೆ ಸೀಲು ಬಿತ್ತು. ಅವನು ಮುಖಕ್ಕೆ ಟವೆಲ್ ಅಡ್ಡ ಹಿಡಿದು ಜೀಪಿನತ್ತ ನಡೆದ.

"ಅಪ್ಪಾ, ಜಡೆ ಸರಿ ಇದ್ಯಾ? ತಿರುಗಿ ನೋಡು."

ಅವನು ತಿರುಗಲಿಲ್ಲ.

ಆ ಸಂಜೆ ಕೇಸ್ ಡೈರಿಯಲ್ಲಿ ರೈಟರ್ ಬರೆದ: ಕಳವಿನ ಉದ್ದೇಶ, ಸ್ವಂತ ಬಳಕೆ. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿ ಸಹಿ ಹಾಕಿದರು.