ಆಯಾ ಕೆಲಸಕ್ಕೆ ಎರಡು ಎಕ್ಸ್‌ರೇ

ಬೀರುವಿನ ಬೀಗ ಹಾಕಿದಂತೆಯೇ ಇತ್ತು. ಒಳಗಿದ್ದ ಎಕ್ಸ್‌ರೇ ಮಾತ್ರ ಮಾಯವಾಗಿತ್ತು.

೧೯೬೨ರ ಧನುರ್ಮಾಸ. ಸಬ್‌ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪ ಜಯನಗರದ ಆ ಹೆಣ್ಣುಮಕ್ಕಳ ಶಾಲೆಗೆ ಬಂದಾಗ ಮಂಜು ಇನ್ನೂ ಹರಿದಿರಲಿಲ್ಲ. ಖಾಲಿ ಸೈಟುಗಳು, ಆಗಷ್ಟೇ ನೆಟ್ಟ ಸಾಲುಗಿಡಗಳು, ಆಚೆಗೆ ಸಾರಕ್ಕಿಯ ಗದ್ದೆ, ಎಲ್ಲವೂ ಅರೆನಿದ್ದೆಯಲ್ಲಿ ಕಂಡಂತಿದ್ದವು. ಅಂಥ ಬೆಳಗು ಕಂಡರೆ ಅವನಿಗೆ ಬಂದ ಕೆಲಸವೇ ಮರೆಯುವ ಚಾಳಿ. ಠಾಣೆಯವರು ಅವನಿಗೆ ‘ತೂಕಡಿಸುವ ಸಾಹೇಬ’ ಎಂದು ಹೆಸರಿಟ್ಟಿದ್ದರು. ಇಡಲಿ ಬಿಡಿ, ಅವಸರದವರ ಕಣ್ಣಿಗೆ ಬೀಳದ್ದು ಅವನ ಕಣ್ಣಿಗೆ ಬೀಳುತ್ತಿತ್ತು.

ಹೆಡ್‌ಮಿಸ್ ಶಾಂತಾದೇವಿ ನಡೆದದ್ದನ್ನು ಹೇಳಿದರು. ಶಾಲೆಗೆ ಒಬ್ಬ ಆಯಾ ಬೇಕಿತ್ತು. ಮಕ್ಕಳ ಜೊತೆ ಇರುವವರು ಮೊದಲು ಎದೆಯ ಎಕ್ಸ್‌ರೇ ತೆಗೆಸಬೇಕೆಂಬುದು ನಿಯಮ. ಅರ್ಜಿ ಹಾಕಿದವರು ಇಬ್ಬರು. ಸಾರಕ್ಕಿಯ ಮುನಿಲಕ್ಷ್ಮಮ್ಮನ ಎದೆ ಸ್ವಚ್ಛ, ಕೆಲಸ ಅವಳಿಗಾಯಿತು. ಬಸವಲಿಂಗಮ್ಮನ ಚಿತ್ರದಲ್ಲಿ ಕ್ಷಯದ ಕಲೆ.

“ಬಸವಲಿಂಗಮ್ಮ ಒಪ್ಲಿಲ್ಲ ಸಾರ್. ಇನ್ನೊಂದ್ಸಲ ತೆಗೆಸಿ ಅಂತ ನಿನ್ನೆ ಸಂಜೆ ಇಲ್ಲೇ ಅಳ್ತಾ ಕೂತಿದ್ರು. ಆಯ್ತು, ಹೊಸದು ಹಳೇದು ಎರಡನ್ನೂ ದೊಡ್ಡ ಡಾಕ್ಟ್ರಿಗೆ ತೋರ್ಸೋಣ ಅಂದೆ. ಬೆಳಿಗ್ಗೆ ನೋಡಿದ್ರೆ ಹಳೇದೇ ಇಲ್ಲ.”

“ಬೀಗದ ಕೈ?”

“ನನ್ಹತ್ರ ಒಂದು, ಗುಮಾಸ್ತರು ರಾಮಯ್ಯನವರ ಹತ್ರ ಒಂದು. ನಂದು ನಿನ್ನೆ ಮೇಜಿನ ಮೇಲೇ ಇತ್ತು.”

“ಬಸವಲಿಂಗಮ್ಮನೇ ತಗೊಂಡಿರ್ಬೇಕು ಸಾರ್,” ಎಂದ ರಾಮಯ್ಯ. “ಸಾಕ್ಷಿ ಇರಬಾರ್ದು ಅಂತ.”

*

ಬಸವಲಿಂಗಮ್ಮ ಜಗಲಿಯಲ್ಲಿ ಕೂತಿದ್ದಳು. ಗಂಡ ತೀರಿಹೋಗಿ ವರ್ಷವಾಗಿತ್ತು.

“ಹೊಸದು ತೆಗೆದ್ರೆ ನಿಜ ಗೊತ್ತಾಗುತ್ತೆ ಸಾರ್. ಹಳೇದು ಕದ್ದು ನಂಗೇನಾಗ್ಬೇಕು? ಕ್ಷಯ ಅಂತ ವಠಾರಕ್ಕೆಲ್ಲ ಹಬ್ಬಿದೆ. ಶುಕ್ರವಾರದೊಳಗೆ ಮನೆ ಬಿಡು ಅಂದಿದಾರೆ. ಕೆಲ್ಸ ಹೋಗ್ಲಿ, ಈ ಹೆಸರು ಹೊತ್ಕೊಂಡು ಎಲ್ಲಿಗೆ ಹೋಗ್ಲಿ?”

ಮಾತು ಸರಿಯಾಗಿತ್ತು.

*

ಉಳಿದಿದ್ದ ಮುನಿಲಕ್ಷ್ಮಮ್ಮನ ಎಕ್ಸ್‌ರೇಯನ್ನು ಅವನು ಕಿಟಕಿಗೆ ಹಿಡಿದ. ಹೊರಗೆ ಮಂಜು, ಒಳಗೆ ಮಂಜಿನ ಬೇಲಿಯಂತೆ ಪಕ್ಕೆಲುಬು. ಭುಜದ ಹತ್ತಿರ ಮೊಟ್ಟೆಯಾಕಾರದ ಅಚ್ಚಬಿಳಿ ಗುರುತು. ಬಹಳ ಹೊತ್ತು ಹಾಗೇ ನಿಂತ. ಅವನ ಕೈ ತಾನಾಗಿ ತನ್ನ ಎದೆ ಮುಟ್ಟಿತು.

“ತೊಳೆಯೋವಾಗ ಆದ ಕಲೆ ಸಾರ್,” ಎಂದ ರಾಮಯ್ಯ.

ಮರುಳಸಿದ್ದಪ್ಪ ಇಬ್ಬರು ಹೆಂಗಸರನ್ನೂ ಒಳಗೆ ಕರೆಸಿದ.

“ಮುನಿಲಕ್ಷ್ಮಮ್ಮ, ಎಕ್ಸ್‌ರೇ ತೆಗೆಯೋವಾಗ ಕೊರಳಲ್ಲಿ ಏನಿತ್ತು?”

“ತಾಳಿ ಬಿಚ್ಚಿಟ್ಟು ಅರಿಶಿನದ ದಾರ ಕಟ್ಕೊಂಡಿದ್ದೆ ಸಾರ್.”

“ನಿಮ್ಮ ಕೊರಳಲ್ಲಿ, ಬಸವಲಿಂಗಮ್ಮ?”

“ಲಿಂಗ. ಪ್ರಾಣ ಹೋದ್ರೂ ಬಿಚ್ಚಲ್ಲ ಅಂದೆ. ಹಂಗಾದ್ರೆ ಭುಜದ ಕಡೆ ಸರಿಸ್ಕೊಳ್ಳಿ ಅಂದ್ರು.”

“ಇದು ಕಲೆ ಅಲ್ಲ ಮೇಡಂ,” ಎಂದ ಮರುಳಸಿದ್ದಪ್ಪ. “ಲಿಂಗ ಇಡೋ ಬೆಳ್ಳಿ ಕರಡಿಗೆ. ನನ್ನ ಎದೆ ಮೇಲೂ ಒಂದಿದೆ. ಹೆಸರು ಇರೋದು ಕವರಿನ ಮೇಲೆ ಮಾತ್ರ. ಮುನಿಲಕ್ಷ್ಮಮ್ಮನ ಕವರಿನಲ್ಲಿ ಇರೋದು ಬಸವಲಿಂಗಮ್ಮನ ಎದೆ. ಆಸ್ಪತ್ರೆಯಿಂದ ಇವನ್ನ ತಂದೋರು ಯಾರು?”

“ರಾಮಯ್ಯನವರು.”

“ಬರೋ ದಾರೀಲೇ ಅದಲುಬದಲು ಮಾಡಿದ್ದಾರೆ. ಹೊಸದರ ಪಕ್ಕ ಹಳೇದಿಟ್ರೆ ಎರಡೂ ಒಬ್ಬರದಲ್ಲ ಅಂತ ಡಾಕ್ಟ್ರು ಹೇಳ್ಬಿಡ್ತಾರೆ. ಅದಕ್ಕೇ ಕದ್ರು. ಕರಡಿಗೆ ಹಾಕಿ ಗೊತ್ತಿಲ್ಲದೋರು, ಇದನ್ನ ಕಲೆ ಅಂದ್ಕೊಂಡು ಬಿಟ್ಟಿದ್ದೇ ತಪ್ಪಾಯ್ತು.”

ರಾಮಯ್ಯ ಗೋಡೆಗೆ ಒರಗಿದ.

“ಮುನಿಲಕ್ಷ್ಮಮ್ಮ ನನ್ ಒಡಹುಟ್ಟಿದ ತಂಗಿ ಸಾರ್. ಮೇಡಂಗೆ ಹೇಳಿರ್ಲಿಲ್ಲ. ಗಂಡ ಬಿಟ್ಟೋಗವ್ನೆ. ಇವಳ ಎದೆ ಚೆನ್ನಾಗಿಲ್ಲ ಅಂತ ಎಕ್ಸ್‌ರೇ ತೆಗೆದೋನೇ ಹೇಳ್ದ. ಒಂದು ಕೆಲ್ಸ ಅಂತ ಆಗ್ಲಿ, ಆಮೇಲೆ ಔಷಧಿ ಕೊಡಿಸೋಣ ಅಂದ್ಕೊಂಡೆ.”

ಶಾಂತಾದೇವಿ ಬಸವಲಿಂಗಮ್ಮನ ಕೈ ಹಿಡಿದರು. “ಕೆಲಸ ನಿಮ್ದೇ. ವಠಾರಕ್ಕೆ ನಾನೇ ಬಂದು ಹೇಳ್ತೀನಿ,” ಎಂದರು. ಬಸವಲಿಂಗಮ್ಮ ಮಾತ್ರ ಮುನಿಲಕ್ಷ್ಮಮ್ಮನನ್ನೇ ನೋಡುತ್ತಿದ್ದಳು.

ಮುನಿಲಕ್ಷ್ಮಮ್ಮ ಅಳಲಿಲ್ಲ.

“ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತಣ್ಣ?”

“ಇಪ್ಪತ್ತು ದಿನ.”

“ಇಪ್ಪತ್ತು ದಿನ,” ಎಂದಳು ಅವಳು. “ನನ್ ಮಗಳು ದಿನಾ ನನ್ನ ತಬ್ಕೊಂಡೇ ಮಲಗ್ತಾಳಲ್ಲಣ್ಣ.”