ಅವಳ ಗುಂಪಿಗೆ ಬಾರದ ತೀರ್ಪುಗಾರ

ಗಾಲ್ಫ್ ಆಟದ ಒಳಹೊರಗು ಬಲ್ಲವಳಲ್ಲ ನಾನು. ಈ ಕಥೆ ಹೇಳಲು ಹೊರಟಿದ್ದೇ ಅಧಿಕಪ್ರಸಂಗವೇನೋ... ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚೆಂಡು ಅಲುಗಿತು!

ಎತ್ತರದ ಹುಲ್ಲಿನಲ್ಲಿ ಕೂತಿದ್ದ ಚೆಂಡಿನ ಹಿಂದೆ ಅವಳು ಕೋಲು ಊರಿದ್ದಳು, ಅಷ್ಟೇ. ಕೂದಲೆಳೆಯಷ್ಟು ಜರುಗಿತು. ಅವಳ ಬ್ಯಾಗ್ ಹೊತ್ತು ಪಕ್ಕದಲ್ಲೇ ನಿಂತಿದ್ದ ಅಕ್ಕನೂ ನೋಡಲಿಲ್ಲ.

ಹೇಳಿದರೆ ಒಂದು ಹೊಡೆತದ ದಂಡ. ಆ ಒಂದು ಹೊಡೆತ ಹೆಚ್ಚಾದರೆ ಪಂದ್ಯದಿಂದಲೇ ಹೊರಗೆ.

ಒಂದು ಕ್ಷಣ ತಡೆದಳು... ಆಮೇಲೆ ಕೈ ಎತ್ತಿದಳು.

ದೂರದಲ್ಲಿ ನಿಂತು ನೋಡುತ್ತಿದ್ದ ತೀರ್ಪುಗಾರ ಬಂದ. ಬಿಸಿಲಿಗೆ ಕಪ್ಪಿಟ್ಟ ಮುಖ, ಮೆಲುದನಿ.

"ನಿಮ್ಮಿಂದಲೇ ಅಲುಗಿದ್ದಾ, ಮೇಡಂ?"

"ಹೌದು."

"ಖಂಡಿತಾನಾ?"

"ಹೌದು ಅಂದ್ನಲ್ಲ!"

ಅವನು ಅವಳನ್ನೇ ನೋಡಿ, ದಂಡ ಹೇಳಿದ.

"ಸತ್ಯವಂತೆ ತಾಯಿ!" ಎಂದಳು ಅಕ್ಕ. "ಇನ್ಮೇಲೆ ಬ್ಯಾಗೂ ನೀನೇ ಹೊತ್ಕೋ."

ಆ ಸಂಜೆ ಕ್ಲಬ್ಬಿನ ಮೆಟ್ಟಿಲ ಮೇಲೆ ಅವನು ಸಿಕ್ಕ. ಕಾವಲುಗಾರ ಗೇಟು ಹಾಕಲು ಬರುವವರೆಗೂ ಇಬ್ಬರೂ ಮಾತಾಡಿದರು. ಅವಳಿಗೆ ಸೋತದ್ದೇ ಮರೆತುಹೋಗಿತ್ತು.

ಮುಂದಿನ ಪಂದ್ಯದಿಂದ ಅವನು ಅವಳ ಕಡೆಗೇ ಸುಳಿಯಲಿಲ್ಲ.

"ನಿನ್ನ ಗಾಳಿ ಸೋಕಿದ್ರೆ ಸಾಕು, ಗಾಡಿ ತಿರುಗಿಸ್ತಾನೆ ನೋಡು!" ಅಕ್ಕ ನಕ್ಕಳು.

ಅವಳಿಗೆ ನಗು ಬರಲಿಲ್ಲ. 'ನಾನು ತಡೆದದ್ದನ್ನು ಅವನು ನೋಡಿದ. ಮುಚ್ಚಿಡಲು ಹೊರಟಿದ್ದೆ ಅಂದುಕೊಂಡಿದ್ದಾನೆ...' ಇಷ್ಟಪಟ್ಟವನ ಕಣ್ಣಲ್ಲೇ ಕಳ್ಳಿ!

ವರ್ಷದ ಕೊನೆಯ ಪಂದ್ಯ ಮುಗಿದ ಮಧ್ಯಾಹ್ನ, ಗಾಡಿಗೆ ಬಾವುಟದ ಕೋಲುಗಳನ್ನು ತುಂಬುತ್ತಿದ್ದವನ ಎದುರು ನಿಂತಳು.

"ನನ್ನನ್ನ ಮೋಸಗಾರ್ತಿ ಅಂದ್ಕೊಂಡಿದೀರಾ?"

"ಯಾರು ಹೇಳಿದ್ದು?"

"ಆವತ್ತು ನಾನು ತಡೆದಿದ್ದು ನೋಡಿದ್ರಿ. ಅದಕ್ಕೇ ತಾನೇ ಈ ದೂರ?"

ಅವನು ಕೋಲುಗಳನ್ನು ಕೆಳಗಿಟ್ಟ.

"ನೋಡಿದೆ. ಏನೋ ಆಗಿದೆ ಅನ್ನಿಸ್ತು. ಇವರು ಕೈ ಎತ್ತದೆ ಇರ್ಲಿ ಅಂತ ಬೇಡ್ಕೊಂಡೆ. ತೀರ್ಪುಗಾರ ಹಾಗೆ ಬೇಡಬಾರ್ದು, ಮೇಡಂ. ನೀವು ಆಡೋ ಗುಂಪಿಗೆ ನನ್ನನ್ನ ಹಾಕಬೇಡಿ ಅಂತ ನಾನೇ ಆಫೀಸಿನಲ್ಲಿ ಕೇಳ್ಕೊಂಡೆ."

"ಮಾತಾದ್ರೂ ಆಡಬಹುದಿತ್ತಲ್ಲ!"

"ಆಡಿದ್ರೆ ಜನ ನಿಮ್ಮ ಆಟದ ಕಡೆ ಬೊಟ್ಟು ಮಾಡ್ತಿದ್ರು."

"ಆಫೀಸಿನವರು ಕಾರಣ ಕೇಳಲಿಲ್ವಾ?"

"ಕೇಳಿದ್ರು... ನಿಮ್ಮ ಮೇಲೆ ನನಗೆ ಮನಸ್ಸಿದೆ ಅಂತ ಹೇಳಿದೆ."

"ಅಂದ್ರೆ ಆಫೀಸಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಇಲ್ಲ!"

ಅವನು ತಲೆ ತಗ್ಗಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಮಾತ್ರ ಒದ್ದೆಯಾಗಿತ್ತು.

"ಊಟಕ್ಕೆ ಬನ್ನಿ. ಅಕ್ಕನೂ ಇರ್ತಾಳೆ."

"ಬೈತಾರಾ?"

"ಚೆನ್ನಾಗಿ ಬೈತಾಳೆ. ನಾನಿರ್ತೀನಿ, ಬನ್ನಿ."

ಮುಂದಿನ ವರ್ಷ ಅವನು ಆ ಕೆಲಸ ಬಿಟ್ಟನೋ, ಇಲ್ಲಾ ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ತೀರ್ಪು ಹೇಳುತ್ತಾ ಹೋದನೋ... ನಿಜವಾಗಿಯೂ ನನಗೆ ಗೊತ್ತಿಲ್ಲ.